ತಾಯಿ ಚಿಟ್ಟೆಯ ಮೇಜು

ನಾನು ನಿವೃತ್ತಳಾದಾಗ ನನಗೆ ಮೂವತ್ತನಾಲ್ಕು ವರ್ಷ. ನಾನು ಕೆಲಸ ಮಾಡುತ್ತಿದ್ದ ರೇಷ್ಮೆ ಮೊಟ್ಟೆ ಕೋಠಿಯನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಹತ್ತು ವರ್ಷ ಸೇವೆ ಮುಗಿಸಿದವರು ಬೇಕಾದರೆ ಸ್ವಯಂ ನಿವೃತ್ತಿ ಪಡೆಯಬಹುದು ಎಂದರು. ಪಡೆದೆ. ಬೀಳ್ಕೊಡುಗೆಯ ದಿನ ಜೀಪಿನ ಡ್ರೈವರ್ ಹಾರ ಹಾಕುತ್ತಾ, ‘ಅಲ್ಲಾ ಮೇಡಂ, ಜನ ಕೆಲಸಕ್ಕೆ ಸೇರೋ ವಯಸ್ಸಲ್ಲಿ ನೀವು ರಿಟೈರಾಗ್ಬಿಟ್ರಲ್ಲ’ ಎಂದು ನಗಿಸಿದ.

ಈಚೆಗೆ ಬೇರೊಂದು ಕೋಠಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಇಬ್ಬರೂ ನನ್ನಂತೆ ಪ್ರಾಣಿಶಾಸ್ತ್ರ ಓದಿದವರು. ‘ಈ ಕೆಲಸಕ್ಕೆ ಮುಖ್ಯವಾಗಿ ಏನಿರಬೇಕು ಮೇಡಂ?’ ಎಂದು ಒಬ್ಬಳು ಕೇಳಿದಳು. ‘ಕಣ್ಣು’ ಎಂದೆ. ಅವಳು ಅದನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಂಡಳು. ಕಾಫಿ ಕುಡಿದು ಹೊರಟರು. ಅವರು ಗೇಟು ದಾಟುವಾಗಲೇ ನಾನು ಕೊಟ್ಟ ಉತ್ತರ ಅರ್ಧ ಮಾತ್ರ ಎನ್ನುವುದು ಹೊಳೆಯಿತು. ಕೂಗಿ ಕರೆಯುವ ಸ್ವಭಾವ ನನ್ನದಲ್ಲ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕೋಠಿ ದೊಡ್ಡಬಳ್ಳಾಪುರದ ಅಂಚಿನಲ್ಲಿತ್ತು. ರೇಷ್ಮೆ ಹುಳು ಸಾಕುವ ರೈತರಿಗೆ ಬೇಕಾದ ಮೊಟ್ಟೆಗಳನ್ನು ತಯಾರಿಸಿ ಕೊಡುವುದು ಅಲ್ಲಿನ ಕೆಲಸ. ಮಗ್ಗದ ಬೀದಿಗಳ ಸದ್ದು ಅಲ್ಲಿಯವರೆಗೆ ಕೇಳಿಸುತ್ತಿತ್ತು, ಕರೆಂಟು ಹೋದಾಗ ಮಾತ್ರ ನಿಲ್ಲುತ್ತಿತ್ತು. ಆದರೆ ನನ್ನನ್ನು ಮೊದಲು ತೆಗೆದುಕೊಂಡದ್ದು ಕೋಠಿಯ ಒಳಗಿನ ಕೆಲಸಕ್ಕಲ್ಲ, ಹಳ್ಳಿಗಳಿಗೆ ಹೋಗಿ ರೈತರಿಗೆ ತಿಳಿವಳಿಕೆ ಕೊಡುವ ಪ್ರದರ್ಶಕಿಯ ಕೆಲಸಕ್ಕೆ.

ಆ ಕೆಲಸದಲ್ಲಿ ನಾನು ಎಷ್ಟು ಅಸಮರ್ಥಳಾಗಿದ್ದೆ ಎಂದು ಹೇಳಲು ಒಂದು ಉದಾಹರಣೆ ಸಾಕು. ನೆಲಮಂಗಲದಾಚೆ, ಹೆದ್ದಾರಿಯ ಲಾರಿಗಳ ಸದ್ದು ಕೇಳುವಷ್ಟು ಹತ್ತಿರದ ಒಂದು ಹಳ್ಳಿಯಲ್ಲಿ, ಹಾಲಿನ ಡೇರಿಯ ಮುಂದೆ ಸಭೆ. ನಾನು ಹನ್ನೆರಡು ಪುಟ ಬರೆದುಕೊಂಡು ಹೋಗಿದ್ದೆ. ತಲೆಯೆತ್ತದೆ ಓದಿದೆ. ಮೂರನೇ ಪುಟಕ್ಕೆ ಒಬ್ಬ ಹಿರಿಯರು ಕೇಳಿದರು.

‘ಯಾಕಮ್ಮ, ಹುಳ ಸಾಕೋದು ಹೇಳ್ಕೊಡ್ತೀಯೋ, ಪಂಚಾಂಗ ಓದ್ತೀಯೋ?’

‘ಬಿಡಣ್ಣೋ, ಪಾಪ. ಮಗಾ ಬೆವರ್ತಾ ಅವ್ಳೆ’ ಎಂದಳು ಒಬ್ಬಾಕೆ. ಎಲ್ಲರೂ ನಕ್ಕರು.

ಇನ್ನೊಬ್ಬ ಎದ್ದು, ‘ನಾಕನೇ ಜ್ವರ ಎದ್ಮೇಲೆ ಹುಳ ಸೊಪ್ಪೇ ಮುಟ್ತಿಲ್ಲ, ಏನ್ಮಾಡೋದು ಹೇಳಿ’ ಎಂದ. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು ಅಲುಗಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದರೆ ಹುಳು ಗೂಡು ಕಟ್ಟುತ್ತದೆ. ಅವನ ಪ್ರಶ್ನೆಗೆ ನನಗೆ ಆರು ಕಾರಣಗಳು ಗೊತ್ತಿದ್ದವು. ಯಾವುದನ್ನು ಮೊದಲು ಹೇಳಬೇಕು ಎಂದು ನಾನು ಯೋಚಿಸುತ್ತಿರುವಾಗ ಅವನು ಹಸು ಕಟ್ಟಲು ಹೊರಟುಹೋದ.

ನಮ್ಮ ಮೇಲಧಿಕಾರಿ ಚಿಕ್ಕರಂಗಯ್ಯನವರು. ಕೆಳಗಿನ ಹುದ್ದೆಯಿಂದ ಹಂತ ಹಂತವಾಗಿ ಮೇಲೆ ಬಂದ ಮನುಷ್ಯ. ಪ್ಯಾಂಟಿನ ಕಾಲಿಗೆ ಸೈಕಲ್ ಕ್ಲಿಪ್ಪು ಹಾಕಿಕೊಂಡೇ ಇಡೀ ದಿನ ಓಡಾಡುತ್ತಿದ್ದರು. ಎಲ್ಲರಿಗೂ ಎಲ್ಲ ಕೆಲಸ ಬರಬೇಕು ಎನ್ನುವುದು ಅವರ ನಿಯಮ. ‘ಐದು ಬೆರಳೂ ಒಂದೇ ಕೈಲಿರೋದು ಕಣಮ್ಮ. ಒಂದಕ್ಕೆ ಬಂದದ್ದು ಇನ್ನೊಂದಕ್ಕೂ ಬರ್ಬೇಕು’ ಎನ್ನುತ್ತಿದ್ದರು. ಅದಕ್ಕಾಗಿ ಪ್ರತಿ ವಾರ ನಮ್ಮ ಜಾಗ ಬದಲಾಯಿಸುತ್ತಿದ್ದರು. ಆ ಸರದಿಯಲ್ಲೇ ನಾನು ಮೊದಲ ಸಲ ತಾಯಿ ಚಿಟ್ಟೆಯ ಮೇಜಿಗೆ ಬಂದದ್ದು.

ಆ ಮೇಜಿನ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಚಿಟ್ಟೆ ಗೂಡಿನಿಂದ ಹೊರಬಂದು, ಕೂಡಿ, ಒಂದು ಹಾಳೆಯ ಮೇಲೆ ಮೊಟ್ಟೆಯಿಡುತ್ತದೆ. ಒಂದು ಹಾಳೆಗೆ ಇಪ್ಪತ್ತು ಚಿಟ್ಟೆ. ಪ್ರತಿಯೊಂದರ ಮೇಲೂ ಒಂದು ಪುಟ್ಟ ಕಪ್ಪು ಮುಚ್ಚಳ ಹಾಕುವುದರಿಂದ ಮೊಟ್ಟೆಗಳು ಇಪ್ಪತ್ತು ದುಂಡನೆಯ ಗುಂಪುಗಳಾಗಿ ಉಳಿಯುತ್ತವೆ. ಆಮೇಲೆ ಆ ಇಪ್ಪತ್ತು ತಾಯಂದಿರನ್ನು, ಹಾಳೆಯಲ್ಲಿದ್ದ ಕ್ರಮದಲ್ಲೇ, ಇಪ್ಪತ್ತು ಮನೆಗಳಿರುವ ಮರದ ತಟ್ಟೆಗೆ ಹಾಕುತ್ತಾರೆ. ಒಂದೊಂದನ್ನೇ ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಾವು ಹುಡುಕುತ್ತಿದ್ದುದು ಗಂಟುರೋಗದ ಕಣವನ್ನು. ಅದು ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ, ಆ ಹುಳುವಿನಿಂದ ಸಾಕಾಣಿಕೆ ಮನೆಯ ಎಲ್ಲ ಹುಳುಗಳಿಗೂ ಹೋಗುತ್ತದೆ. ಅದಕ್ಕೆ ಔಷಧಿ ಇಲ್ಲ. ರೋಗವಿರುವ ತಾಯಿಯ ಮೊಟ್ಟೆಯನ್ನು ಹಾಳೆಯಿಂದ ಕತ್ತರಿಸಿ ಸುಡುವುದೊಂದೇ ದಾರಿ.

ಮೊದಲ ದಿನ ಗಾಜಿನೊಳಗೆ ಕಣ್ಣಿಟ್ಟಾಗ ಕೊಬ್ಬಿನ ಗುಳ್ಳೆಗಳು, ರೆಕ್ಕೆಯ ಪುಡಿ, ಏನೇನೋ ತೇಲುತ್ತಿದ್ದವು. ಅವುಗಳ ನಡುವೆ ಎರಡು ಕಣಗಳು ಬೇರೆಯಾಗಿದ್ದವು. ಮೊಟ್ಟೆಯಾಕಾರ, ಒಂದೇ ಅಳತೆ, ತಣ್ಣಗಿನ ಹೊಳಪು. ಜೊತೆಗೆ ಅವು ಇದ್ದಲ್ಲೇ ಸಣ್ಣಗೆ ನಡುಗುತ್ತಿದ್ದವು. ಆ ಗಾಜನ್ನು ಅದಾಗಲೇ ಒಬ್ಬರು ನೋಡಿ ಸರಿಯಿದೆ ಎಂದು ಪಕ್ಕಕ್ಕಿಟ್ಟಿದ್ದರು. ನಾನು ಚಿಕ್ಕರಂಗಯ್ಯನವರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು, ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

‘ಹ್ಞೂಂ. ಇದೆ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ನಿನಗೆ ಎಷ್ಟೊತ್ತು ಹಿಡೀತು?’

‘ನೋಡಿದ ತಕ್ಷಣ ಕಾಣಿಸ್ತು ಸಾರ್.’

ನಾನು ಅದನ್ನು ಹೆಮ್ಮೆಯಿಂದ ಹೇಳಲಿಲ್ಲ. ಎಲ್ಲರಿಗೂ ಹಾಗೇ ಕಾಣುತ್ತದೆ ಎಂದುಕೊಂಡಿದ್ದೆ. ಅವರಿಗೆ ಯಾಕೆ ಅಷ್ಟು ಹೊತ್ತು ಹಿಡಿಯಿತು ಎಂದು ಆಶ್ಚರ್ಯವಾಗಿತ್ತು.

ಇದನ್ನು ನನಗೆ ಬಿಡಿಸಿ ತೋರಿಸಿದವಳು ರತ್ನಮ್ಮ. ಮಗ್ಗದ ಬೀದಿಯ ಹೆಂಗಸು, ಏಳನೇ ತರಗತಿಯವರೆಗೆ ಓದಿದ್ದಳು, ಕೋಠಿಯಲ್ಲಿ ದಿನಗೂಲಿ. ಗೂಡು ಕತ್ತರಿಸಿ ತೆಗೆದ ಕೋಶಗಳನ್ನು, ಅಂದರೆ ಇನ್ನೂ ಚಿಟ್ಟೆಯಾಗದ ಹುಳುಗಳನ್ನು, ಹೆಣ್ಣು, ಗಂಡು ಎಂದು ಬೇರ್ಪಡಿಸುವುದು ಅವಳ ಕೆಲಸ. ಪುಸ್ತಕದ ಪ್ರಕಾರ ಹೆಣ್ಣು ಕೋಶದ ಬಾಲದ ಕಡೆ ಒಂದು ಸಣ್ಣ ಗೆರೆ, ಗಂಡಿಗೆ ಒಂದು ಚುಕ್ಕೆ. ನಾನು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದರೆ, ರತ್ನಮ್ಮ ಪಕ್ಕದವಳ ಮಗಳ ಸೀಮಂತದ ಕತೆ ಹೇಳುತ್ತಾ ಎರಡೂ ಕೈಯಲ್ಲಿ ಎರಡು ಕಡೆಗೆ ಎಸೆಯುತ್ತಿದ್ದಳು. ಅವಳ ಬುಟ್ಟಿಯಲ್ಲಿ ತಪ್ಪು ಹುಡುಕಿ ಸೋತಿದ್ದೇನೆ.

‘ಹೇಗೆ ಗೊತ್ತಾಗತ್ತೆ ರತ್ನಮ್ಮ?’ ಎಂದು ಕೇಳಿದೆ.

ಅವಳ ಕೈ ನಿಂತಿತು. ಒಂದು ಕೋಶವನ್ನು ಹಿಡಿದು ನೋಡಿದಳು. ‘ಕೇಳ್ಬೇಡಿ ಕಣಕ್ಕ’ ಎಂದಳು. ‘ಕೇಳಿದ್ರೆ ಕೈ ಮರ್ತೋಗ್ತದೆ. ನಿಮ್ಗೆ ಗಾಜಲ್ಲಿ ಹೆಂಗೆ ಕಾಣ್ತದೋ ಹಂಗೆ ಇದು.’

ತನ್ನಲ್ಲಿರುವುದು ತನಗೆ ವಿಶೇಷವೆಂದು ಕಾಣುವುದೇ ಇಲ್ಲ ಎಂದು ನನಗೆ ಅವತ್ತು ತಿಳಿಯಿತು. ಬೇರೆಯವರ ಕಷ್ಟ ನೋಡಿದಾಗ ಮಾತ್ರ ಗೊತ್ತಾಗುತ್ತದೆ. ಹೊಸದಾಗಿ ಸೇರುವವರಿಗೆ ನಾನು ಹೇಳುವುದಿಷ್ಟೆ: ನಿಮಗೆ ಯಾವುದು ಬರುವುದಿಲ್ಲ ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ಯಾವುದು ಕಷ್ಟವಿಲ್ಲದೆ ಬರುತ್ತದೋ ಅದನ್ನು ಯಾರೂ ಹೇಳುವುದಿಲ್ಲ, ನೀವೇ ಗಮನಿಸಬೇಕು.

ನಮ್ಮಲ್ಲಿ ನಾಗಭೂಷಣ ಎಂಬ ಇನ್ನೊಬ್ಬ ಪ್ರದರ್ಶಕ ಇದ್ದ. ಅವನದು ನನಗೆ ತಿರುಗುಮುರುಗು. ಒಂದು ಹಳ್ಳಿಯಲ್ಲಿ, ಬೆಳೆ ತೆಗೆಯುವ ಮುಂಚೆ ಸಾಕಾಣಿಕೆ ಮನೆ ತೊಳೆಯಿರಿ ಎಂದು ಎಷ್ಟು ವರ್ಷ ಹೇಳಿದರೂ ಯಾರೂ ಕೇಳಿರಲಿಲ್ಲ. ಇವನು ಹೋಗಿ ಜಗುಲಿಯ ಮೇಲೆ ಕೂತು, ‘ಅತ್ತೆ ಬರ್ತಾಳೆ ಅಂದ್ರೆ ಮನೆ ಸಾರಿಸ್ತೀರಲ್ಲ, ಹುಳ ಬರೋವಾಗ ಏನು ಬಂತು? ಹುಳ ಅತ್ತೆಗಿಂತ ಜಾಸ್ತಿ ಕಣಮ್ಮ. ಅತ್ತೆ ಬೈದು ಸುಮ್ಮನಾಗ್ತಾಳೆ, ಇದು ಸತ್ತು ತೋರಿಸ್ತದೆ’ ಎಂದ. ಮುಂದಿನ ಬೆಳೆಗೆ ಇಡೀ ಊರು ತೊಳೆಯಿತು. ಅದೇ ನಾಗಭೂಷಣನನ್ನು ಮೇಜಿಗೆ ಕೂರಿಸಿದರೆ ಅರ್ಧ ಗಂಟೆಗೆ ತೂಕಡಿಸುತ್ತಿದ್ದ. ‘ಇದ್ರಲ್ಲಿ ನನಗೆ ನನ್ನ ರೆಪ್ಪೆ ಕೂದಲು ಬಿಟ್ಟು ಬೇರೇನೂ ಕಾಣಲ್ಲ ಮೇಡಂ’ ಎನ್ನುತ್ತಿದ್ದ. ಒಮ್ಮೆ ಅವನ ವಾರದಲ್ಲಿ ಸರಿಯಿದೆ ಎಂದು ಬಿಟ್ಟ ಹಾಳೆಗಳ ಮೇಲೆ, ರೈತರಿಗೆ ಕೊಡುವ ಮುನ್ನ, ಅನುಮಾನ ಬಂದು ನಾನು ಅವುಗಳ ಗಾಜುಗಳನ್ನು ಮತ್ತೆ ನೋಡಿದೆ. ಮೂರು ತಾಯಂದಿರಲ್ಲಿ ಕಣಗಳಿದ್ದವು.

ಅದಾದ ಮೇಲೆ ನಾವಿಬ್ಬರೂ ಚಿಕ್ಕರಂಗಯ್ಯನವರ ಮುಂದೆ ನಿಂತೆವು. ಮಾತಾಡಿದ್ದು ನಾಗಭೂಷಣ. ‘ಸಾರ್, ಮೇಡಂ ಹಳ್ಳಿಗೆ ಹೋದ್ರೆ ರೈತ್ರು ಎದ್ದೋಗ್ತಾರೆ. ನಾನು ಮೇಜಿಗೆ ಕೂತ್ರೆ ರೋಗ ಒಳಗೆ ಬರ್ತದೆ. ಅದಲು ಬದಲು ಮಾಡ್ಬಿಡಿ ಸಾರ್, ಇಬ್ರೂ ಬದುಕೊಳ್ತೀವಿ.’

ಅವರಿಗೆ ಇಷ್ಟವಾಗಲಿಲ್ಲ. ನಿಯಮ ಮುರಿಯುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಂತೆ. ಕೊನೆಗೆ ನನ್ನನ್ನು ನೋಡಿ ಹೇಳಿದರು: ‘ಸರಿ. ಮೇಜು ನಿಂದು. ಆದ್ರೆ ಅಲ್ಲೇ ಕೂತೋಳು ಅಲ್ಲಿ ತಪ್ಪು ಮಾಡೋ ಹಂಗಿಲ್ಲ. ಒಂದೇ ಒಂದು ಕೆಟ್ಟ ಮೊಟ್ಟೆ ನಿನ್ನ ಕೈ ದಾಟಿ ಹೋದ್ರೆ, ಅವತ್ತೇ ಹಳ್ಳಿಗೆ.’

ಒಪ್ಪಿಕೊಂಡೆ. ಆಮೇಲಿನ ವರ್ಷಗಳು ನನ್ನ ಕೆಲಸದ ಅತ್ಯಂತ ನೆಮ್ಮದಿಯ ವರ್ಷಗಳು. ಬೆಳಗ್ಗೆ ನೆಲಮಂಗಲದಿಂದ ಬಸ್ಸು, ಹತ್ತಕ್ಕೆ ಕಿಟಕಿಯ ಪಕ್ಕದ ಕುರ್ಚಿ, ಸಂಜೆಯವರೆಗೆ ಹೆಚ್ಚು ಮಾತಿಲ್ಲ. ಬಡ್ತಿಯೂ ಬಂತು, ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ತಪ್ಪಿನ ವಿಷಯಕ್ಕೆ ಬರುತ್ತೇನೆ.

ತಟ್ಟೆಯ ಮೊದಲನೇ ಮನೆಯ ಮೂಲೆಗೆ ಕೆಂಪು ಬಣ್ಣದ ಗುರುತು ಹಾಕಿರುತ್ತಿದ್ದರು. ಆ ಗುರುತು ಮೇಲಿನ ಎಡಮೂಲೆಗೆ ಬರುವಂತೆ ಇಟ್ಟುಕೊಂಡರೆ ತಟ್ಟೆಯ ಮನೆಗಳೂ ಹಾಳೆಯ ಗುಂಪುಗಳೂ ಒಂದಕ್ಕೊಂದು ಹೊಂದುತ್ತವೆ. ತಟ್ಟೆ ಕೊಡುವವರು ‘ಕೆಂಪು ಎಡಕ್ಕೆ’ ಎಂದು ಹೇಳಬೇಕು, ತೆಗೆದುಕೊಳ್ಳುವವರು ‘ಎಡಕ್ಕೆ’ ಎಂದು ಮರುನುಡಿಯಬೇಕು. ಇದು ಕೋಠಿಯ ಹಳೆಯ ಪದ್ಧತಿ. ಆಗ ನನ್ನ ಮೇಜಿಗೆ ತಟ್ಟೆ ತಂದುಕೊಡುತ್ತಿದ್ದ ರತ್ನಮ್ಮ ಪ್ರತಿ ತಟ್ಟೆಗೂ ಹಾಗೆ ಹೇಳುತ್ತಿದ್ದಳು. ದಿನಕ್ಕೆ ಹತ್ತಾರು ಸಲ ಅದನ್ನು ಕೇಳಿ ನನಗೆ ಕಿರಿಕಿರಿಯಾಗುತ್ತಿತ್ತು. ನೋಟದ ಮಧ್ಯೆ ಮಾತು ಬಂದರೆ ಏಕಾಗ್ರತೆ ಒಡೆಯುತ್ತದೆ ಎಂದು ಅವಳಿಗೆ ಹೇಳಿ ಅದನ್ನು ನಿಲ್ಲಿಸಿದೆ. ‘ನೀವು ಹೇಳಿದ್ಮೇಲೆ ಸರಿ ಅಕ್ಕ’ ಎಂದು ಅವಳು ಸುಮ್ಮನಾದಳು.

ಒಂದು ದಿನ ಒಂದು ತಟ್ಟೆಯ ಮೂರನೇ ಚಿಟ್ಟೆಯಲ್ಲಿ ಕಣಗಳು ಕಂಡವು. ತಟ್ಟೆಯ ಆ ಮನೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ 3 ಎಂದು ಬರೆದೆ. ಹಾಳೆಯಿಂದ ಮೂರನೇ ಗುಂಪನ್ನು ಕತ್ತರಿಸಿ ಸುಟ್ಟೆ. ಮಾರನೆಯ ಬೆಳಗ್ಗೆ ಹಾಳೆಗಳು ರೈತರ ಕೈ ಸೇರಿದವು. ಅವತ್ತು ಸಂಜೆ ತೊಳೆಯಲೆಂದು ತಟ್ಟೆಗಳನ್ನು ಜೋಡಿಸುವಾಗ ಆ ತಟ್ಟೆ ಕೈಗೆ ಬಂತು. ಕೆಂಪು ಗುರುತು ಎಡಕ್ಕೆ ಬರುವಂತೆ ಹಿಡಿದರೆ ನಾನು ಬರೆದ 3 ತಲೆಕೆಳಗಾಗಿತ್ತು. ಅಂಕಿ ನೆಟ್ಟಗೆ ಕಾಣಬೇಕಾದರೆ ಕೆಂಪು ಕೆಳಗಿನ ಬಲಮೂಲೆಗೆ ಹೋಗಬೇಕಿತ್ತು. ಅಂದರೆ ತಟ್ಟೆಯನ್ನು ತಿರುಗಿಸಿ ಇಟ್ಟುಕೊಂಡು ನೋಡಿದ್ದೆ. ನಾನು ಮೂರನೆಯದು ಎಂದುಕೊಂಡ ತಾಯಿ ಹದಿನೆಂಟನೆಯದಾಗಿತ್ತು. ಸುಟ್ಟದ್ದು ಆರೋಗ್ಯವಾಗಿದ್ದ ಮೊಟ್ಟೆ. ರೋಗದ ಮೊಟ್ಟೆ ರೈತರ ಮನೆಗೆ ಹೋಗಿತ್ತು.

ನನ್ನ ಕಣ್ಣು ತಪ್ಪಿರಲಿಲ್ಲ. ಕಣ್ಣಿನ ಮೇಲಿದ್ದ ನಂಬಿಕೆಯಲ್ಲಿ ಕೈಯ ಕೆಲಸವನ್ನು ಕಸವೆಂದು ತಿಳಿದಿದ್ದೆ. ನಾವು ಸಮರ್ಥರಾಗಿರುವ ಕಡೆ ಎಚ್ಚರವಾಗಿಯೇ ಇರುತ್ತೇವೆ. ತಪ್ಪು ಅದರ ಪಕ್ಕದ ಜಾಗದಲ್ಲಿ ಆಗುತ್ತದೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಾನು ಒದ್ದೆ ಬಟ್ಟೆ ತೆಗೆದುಕೊಂಡು ಆ 3ನ್ನು ಒರೆಸಿಬಿಟ್ಟೆ.

ವಿತರಣೆಯ ಪುಸ್ತಕ ನೋಡಿದೆ. ಹಾಳೆ ಹೋಗಿದ್ದು ದೇವನಹಳ್ಳಿ ಕಡೆಯ ಪಿಳ್ಳಮ್ಮ ಎನ್ನುವವರಿಗೆ. ಆ ಹೊತ್ತಿಗೆ ಮೊಟ್ಟೆ ಇನ್ನೂ ಮೊಟ್ಟೆಯೇ. ಒಡೆಯಲು ಇನ್ನೊಂದು ವಾರವಿತ್ತು. ಮಾರನೆಯ ದಿನ ಹೋಗಿ ಒಂದು ಹಾಳೆ ಬದಲಾಯಿಸಿಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಮೇಜು ಹೋಗುತ್ತದೆ. ನಾಳೆ ಹೇಳೋಣ ಎಂದುಕೊಂಡೆ. ಒಂದು ಗುಂಪು ತಾನೆ, ಎಲ್ಲ ಸೇರಿ ಸಾವಿರಾರು ಹುಳುಗಳಲ್ಲಿ ಏನೂ ಆಗದೇ ಇರಬಹುದು ಎಂದುಕೊಂಡೆ. ಹಾಗಾಗುವುದಿಲ್ಲ ಎಂದು ಆ ಕಟ್ಟಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಹಾಗೆ ಹನ್ನೊಂದು ದಿನ ಕಳೆದೆ. ಪ್ರತಿದಿನ ಮೇಜಿನಲ್ಲಿ ಕೂತು ಬೇರೆಯವರ ಮೊಟ್ಟೆಗಳನ್ನು ಬಹಳ ಜಾಗರೂಕತೆಯಿಂದ ನೋಡಿದೆ.

ಹತ್ತನೇ ದಿನ ರತ್ನಮ್ಮ ಬಾಗಿಲು ಹಾಕಿ ಎದುರಿಗೆ ಕೂತಳು. ‘ಅಕ್ಕಾ, ಊಟದ ಡಬ್ಬಿ ತೆಗೀದೆ ವಾಪಸ್ ತಗೊಂಡೋಗ್ತಿದ್ದೀರಿ. ಏನಾಗದೆ?’

ಹೇಳಿದೆ.

‘ತಟ್ಟೆ ತಿರುಗಿಸಿ ಕೊಟ್ಟಿದ್ದು ನಾನೇ ಅಂದ್ಬಿಡ್ತೀನಿ. ನಾನು ಕೂಲಿಯೋಳು. ಸಾಹೇಬ್ರು ಬೈತಾರೆ, ಆಮೇಲೆ ಮರೀತಾರೆ. ನಿಮ್ಗೆ ಹಂಗಲ್ಲ, ಕುರ್ಚಿನೇ ಹೋಗ್ತದೆ.’

‘ನೀನು ಮಾಡಿಲ್ಲವಲ್ಲ.’

‘ಯಾರಿಗ್ ಗೊತ್ತು? ನಾನೇ ಮಾಡಿರ್ಬೋದು. ಕೆಂಪು ಎಡಕ್ಕೆ ಅಂದಿದ್ರೆ ಗೊತ್ತಾಗ್ತಿತ್ತು.’

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವತ್ತು ದೊಡ್ಡಬಳ್ಳಾಪುರದಿಂದ ನೆಲಮಂಗಲದವರೆಗೆ ಬಸ್ಸಿನಲ್ಲಿ ನಾನು ಅವಳು ಹೇಳಿದ್ದನ್ನು ಒಪ್ಪಿಕೊಳ್ಳಬಹುದೇ ಎಂದು ನಿಜವಾಗಿಯೂ ಯೋಚಿಸಿದೆ. ಬಸ್ಸಿಳಿದಾಗ ನನ್ನ ಬಗ್ಗೆ ನನಗೆ ಹೇಸಿಗೆಯಾಗಿತ್ತು. ಮನೆಗೆ ಹೋಗಿ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದೆ, ಪೆನ್ಸಿಲ್ ಗುರುತು ಒರೆಸಿದ್ದನ್ನೂ ಸೇರಿಸಿ.

ಬೆಳಗ್ಗೆ ಚಿಕ್ಕರಂಗಯ್ಯನವರು ಅದನ್ನು ನಿಂತೇ ಓದಿದರು.

‘ಹನ್ನೊಂದು ದಿನ ಏನು ಮಾಡ್ತಿದ್ದೆ?’

ಅವರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

‘ಹುಳ ಒಡ್ದು ನಾಕು ದಿನ ಆಗಿರ್ತದೆ. ಮೊದಲನೇ ಜ್ವರ. ಎಲ್ಲಾ ಹೂಳಿ ಅಂತ ಹೇಳ್ಬೇಕು ಈಗ. ಹೋಗಿ ಹೇಳು. ನಾಗಭೂಷಣನ್ನ ಕಳ್ಸಲ್ಲ. ಅವನು ನಗಿಸಿ ಬಂದ್ಬಿಡ್ತಾನೆ. ನೀನು ಹೋಗು.’

‘ಸೂಕ್ಷ್ಮದರ್ಶಕ ತಗೊಂಡು ಹೋಗ್ತೀನಿ ಸಾರ್.’

‘ಅದ್ಯಾಕೆ?’

‘ನನಗೆ ಹೇಳಕ್ಕೆ ಬರಲ್ಲ. ತೋರಿಸ್ತೀನಿ.’

ಅವರು ಬೀರುವಿನ ಬೀಗದ ಕೈ ಎಸೆದರು.

ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದೇವನಹಳ್ಳಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನಲ್ಲೂರಿಗೆ ಹೋದೆ. ಹುಣಸೆ ತೋಪಿನ ಪಕ್ಕದಲ್ಲಿ ಇಳಿದು ಒಂದೂವರೆ ಮೈಲಿ ನಡೆದೆ. ಪಿಳ್ಳಮ್ಮನವರ ವಯಸ್ಸು ಐವತ್ತರ ಹತ್ತಿರ, ಸೊಪ್ಪು ಹೆಚ್ಚುತ್ತಾ ಜಗುಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅವರ ಓರಗಿತ್ತಿ. ಇಬ್ಬರದೂ ಒಂದೇ ಸಾಕಾಣಿಕೆ ಮನೆ, ಹುಳು ಸಾಕುವ ತಟ್ಟೆಗಳೂ ಅಕ್ಕಪಕ್ಕ.

‘ಏನಮ್ಮ ಪೆಟ್ಟಿಗೇಲಿ, ಹಾರ್ಮೋನಿಯಮ್ಮಾ? ಹರಿಕತೆ ಮಾಡೋಕ್ ಬಂದ್ಯಾ?’ ಎಂದು ಪಿಳ್ಳಮ್ಮ ನಕ್ಕರು.

ಕೋಠಿಯಿಂದ ಬಂದೆ, ಹುಳು ನೋಡಬೇಕು ಎಂದೆ. ಒಳಗೆ ಕರೆದೊಯ್ದರು. ಹುಳುಗಳು ಜ್ವರಕ್ಕೆ ಕೂತಿದ್ದವು, ಎಲ್ಲವೂ ತಲೆಯೆತ್ತಿ, ಅಲುಗಾಡದೆ. ಅಲ್ಲಲ್ಲಿ ಕೆಲವು ಮಾತ್ರ ಸಣ್ಣವಾಗಿ, ಇನ್ನೂ ಹರಿದಾಡುತ್ತಿದ್ದವು. ಅಂಥ ಕೆಲವನ್ನು ಆರಿಸಿಕೊಂಡು ಹೊರಗೆ ಬಂದೆ. ಜಗುಲಿಯ ಮೇಲೆ ಸೂಕ್ಷ್ಮದರ್ಶಕ ನಿಲ್ಲಿಸಿ, ಅದರ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದೆ. ಹುಳು ಅರೆದು, ಹನಿಯಿಟ್ಟು ನೋಡಿದೆ. ಅವು ಇದ್ದವು. ನಡುಗುತ್ತಿದ್ದವು.

‘ನೋಡಿ’ ಎಂದು ಪಕ್ಕಕ್ಕೆ ಸರಿದೆ.

ಪಿಳ್ಳಮ್ಮ ಒಂದು ಕಣ್ಣು ಮುಚ್ಚಿಕೊಂಡು ಬಗ್ಗಿದರು. ‘ಏನೂ ಇಲ್ವಲ್ಲಮ್ಮ. ಹ್ಞಾ, ತಡಿ. ಸಣ್ಣಕ್ಕಿ ನುಚ್ಚಿನಂಗೆ ಹೊಳೀತಾವೆ. ಅಲ್ಲಾಡ್ತಾವೆ ಕಣೇ. ಏನವು?’

‘ಗಂಟುರೋಗ.’

ಆ ಹೆಸರನ್ನು ವಿವರಿಸಬೇಕಾಗಿರಲಿಲ್ಲ. ಅವರು ಇನ್ನೊಮ್ಮೆ ಬಗ್ಗಿ ಬಹಳ ಹೊತ್ತು ನೋಡಿದರು. ತಲೆಯೆತ್ತಿದಾಗ ಮುಖದಲ್ಲಿ ನಗೆ ಇರಲಿಲ್ಲ.

‘ಎಲ್ಲಿಂದ ಬಂತು? ನಾನು ಮನೆ ತೊಳ್ದಿದ್ದೆ.’

‘ಮೊಟ್ಟೆಯಿಂದ ಬಂತು. ನೋಡಿ ಕಳಿಸಿದವಳು ನಾನು. ತಪ್ಪು ನನ್ನದು.’

‘ನಿಂಗೆ ಯಾವಾಗ ಗೊತ್ತಾಯ್ತು?’

ಆ ಪ್ರಶ್ನೆಯನ್ನು ಅವರು ಕೇಳದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ‘ನೀವು ಹಾಳೆ ತಗೊಂಡು ಹೋದ ದಿನ ಸಂಜೆ’ ಎಂದೆ.

ಓರಗಿತ್ತಿ ಸಿಡಿದಳು. ‘ಕೇಳ್ದೇನಕ್ಕ? ಓದ್ದೋರು ಇವ್ರು! ಹನ್ನೊಂದು ದಿನ ಉಂಡು ಮಲ್ಗಿ ಇವತ್ತು ಪೆಟ್ಟಿಗೆ ಹೊತ್ಕೊಂಡು ಬಂದವ್ಳೆ!’

ಪಿಳ್ಳಮ್ಮ ಅವಳನ್ನು ಕೈಸನ್ನೆಯಲ್ಲಿ ತಡೆದರು. ‘ಮೊಟ್ಟೆ ಇದ್ದಾಗ್ಲೇ ಬಂದಿದ್ರೆ ಒಂದು ಹಾಳೆ ಸುಟ್ಟಿದ್ರೆ ಸಾಕಿತ್ತು’ ಎಂದರು, ನನಗಲ್ಲ, ತಮಗೇ ಹೇಳಿಕೊಳ್ಳುವಂತೆ. ‘ಈಗ ಜೀವ ಇರೋವನ್ನ ಹೂಳ್ಬೇಕು.’

ಹೊಸ ಮೊಟ್ಟೆ ಕೊಡುತ್ತೇವೆ ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಹಿತ್ತಲಲ್ಲಿ ಅವರೇ ಗುಂಡಿ ತೋಡಿದರು. ನಾನು ಹಾರೆ ಮುಟ್ಟಲು ಹೋದರೆ ಬೇಡ ಎಂದರು. ಒಳಗಿನಿಂದ ತಟ್ಟೆಗಳನ್ನು ಹೊತ್ತು ತಂದು ನನ್ನ ಮುಂದಿಟ್ಟರು.

‘ನೀನೇ ಹಾಕು’ ಎಂದರು.

ಹಾಕಿದೆ. ತಟ್ಟೆ ಬಗ್ಗಿಸಿದಾಗಲೂ ಹುಳುಗಳು ಜ್ವರದಲ್ಲೇ ಇದ್ದವು, ಸೊಪ್ಪಿನ ಚೂರುಗಳ ಜೊತೆ ತಲೆಯೆತ್ತಿಕೊಂಡೇ ಒಳಗೆ ಬಿದ್ದವು. ಸುಣ್ಣ ಎರಚಿ ಮಣ್ಣು ಮುಚ್ಚಿದರು. ಓರಗಿತ್ತಿ ತನ್ನ ತಟ್ಟೆಗಳನ್ನು ಮುಟ್ಟಲು ಬಿಡಲಿಲ್ಲ. ನನ್ನ ಮಾತನ್ನು ಅವಳು ಯಾಕೆ ನಂಬಬೇಕು? ನಾಲ್ಕನೇ ಜ್ವರದ ಹೊತ್ತಿಗೆ ಅವಳ ಬೆಳೆ ಪೂರ್ತಿ ಹೋಯಿತು ಎಂದು ಆಮೇಲೆ ತಿಳಿಯಿತು. ಅವಳು ಮತ್ತೆ ನಮ್ಮ ಕೋಠಿಗೆ ಬರಲಿಲ್ಲ. ಆ ಬೆಳೆ ನನ್ನ ಲೆಕ್ಕಕ್ಕೆ ಸೇರಿದ್ದು.

ಚಿಕ್ಕರಂಗಯ್ಯನವರು ತಮ್ಮ ಮಾತು ಉಳಿಸಿಕೊಂಡರು. ಮಾರನೆಯ ದಿನವೇ ನನ್ನನ್ನು ಹಳ್ಳಿಗಳಿಗೆ ಹಾಕಿದರು. ‘ತಟ್ಟೆ ತಿರುಗಿಸಿದ್ದಕ್ಕಲ್ಲ’ ಎಂದು ಮಾತ್ರ ಹೇಳಿದರು. ಹನ್ನೊಂದು ದಿನ ಮುಚ್ಚಿಟ್ಟದ್ದಕ್ಕೆ ಎಂದು ನನಗೆ ಅರ್ಥವಾಯಿತು.

ಒಂದು ವರ್ಷಕ್ಕೂ ಹೆಚ್ಚು ಕಾಲ ಹಳ್ಳಿ ಸುತ್ತಿದೆ. ಭಾಷಣ ಮಾಡಲು ಆಗಲೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಆದರೆ ಚಿಕ್ಕರಂಗಯ್ಯನವರನ್ನು ಕೇಳಿ ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಜೊತೆಗೆ ಒಯ್ಯುತ್ತಿದ್ದೆ. ಜಗುಲಿಯ ಮೇಲೆ ಇಟ್ಟು, ಕನ್ನಡಿ ಬಿಸಿಲಿಗೆ ತಿರುಗಿಸಿ, ‘ನೋಡಿ’ ಎನ್ನುತ್ತಿದ್ದೆ. ನೋಡಿದವರು ನೋಡದವರಿಗೆ ಹೇಳುತ್ತಿದ್ದರು, ನನಗಿಂತ ಎಷ್ಟೋ ಚೆನ್ನಾಗಿ. ಬಾರದ ಕೆಲಸಕ್ಕೆ ಹಾಕಿದಾಗ ಅದನ್ನು ಬೇರೆಯವರ ಹಾಗೆ ಮಾಡಲು ಹೋಗಿ ನಾನು ಮೊದಲ ಸಲ ಸೋತಿದ್ದೆ. ಎರಡನೇ ಸಲ ನನಗೆ ಬರುವುದನ್ನೇ ಹೊತ್ತುಕೊಂಡು ಹೋದೆ. ವ್ಯತ್ಯಾಸ ಅಷ್ಟೆ.

ಅಷ್ಟರಲ್ಲಿ ಕೋಠಿಯಲ್ಲಿ ವಿಧಾನ ಬದಲಾಯಿತು. ಒಂದೊಂದು ಚಿಟ್ಟೆಯನ್ನು ಬೇರೆ ಬೇರೆಯಾಗಿ ನೋಡುವುದು ಹೋಗಿ, ಒಂದೇ ಸಲಕ್ಕೆ ಹೊರಬಂದ ಇಡೀ ತಂಡದಿಂದ ಆರಿಸಿದ ಚಿಟ್ಟೆಗಳನ್ನು ಒಟ್ಟಿಗೆ ಯಂತ್ರದಲ್ಲಿ ಅರೆದು ನೋಡುವುದು ಬಂತು. ತಟ್ಟೆ, ಕೆಂಪು ಗುರುತು ಯಾವುದೂ ಬೇಕಾಗಲಿಲ್ಲ. ಆದರೆ ಒಂದು ಕಣ ಕಂಡರೂ ಇಡೀ ತಂಡದ ಮೊಟ್ಟೆಗಳನ್ನು ಸುಡಬೇಕು. ಹನಿಯಲ್ಲಿ ಕಸ ಹೆಚ್ಚು, ಕಣ ಕಡಿಮೆ. ನೋಡುವುದು ಮೊದಲಿಗಿಂತ ಕಷ್ಟವಾಯಿತು. ಒಂದು ಬೆಳಗ್ಗೆ ಚಿಕ್ಕರಂಗಯ್ಯನವರು ನನ್ನ ಹಳ್ಳಿಯ ಪಟ್ಟಿಯನ್ನು ತೆಗೆದುಕೊಂಡು ನಾಗಭೂಷಣನಿಗೆ ಕೊಟ್ಟರು. ಮೇಜಿನ ಕಡೆ ತಲೆಯಾಡಿಸಿದರು.

ಮೊದಲ ವಾರದಲ್ಲೇ ಒಂದು ದಿನ, ಹಾಳೆಗಳು ಹೊರಡುವ ಹೊತ್ತಿಗೆ, ಕೊನೆಯ ಹನಿಯಲ್ಲಿ ನನಗೆ ಏನೋ ಕಂಡಂತಾಯಿತು. ಹೊಳಪಿತ್ತು, ಆಕಾರ ಸರಿಯಿತ್ತು, ಆದರೆ ನಡುಗುತ್ತಿತ್ತೋ ಇಲ್ಲವೋ ಹೇಳಲಾರೆ. ಹೊರಗೆ ಅಂಗಳದಲ್ಲಿ ರೈತರು ಕಾಯುತ್ತಿದ್ದರು. ಸುಮ್ಮನೆ ಕೂತು ಇನ್ನೊಂದು ಹನಿ ನೋಡಿ, ನಿಶ್ಚಯ ಮಾಡಿಕೊಂಡು ಆಮೇಲೆ ಹೇಳಬಹುದಿತ್ತು. ಆದರೆ ಎದ್ದು ನಿಂತೆ.

‘ಸಾರ್, ಅನುಮಾನ ಇದೆ’ ಎಂದೆ. ನನ್ನ ಧ್ವನಿ ಅಷ್ಟು ಜೋರಾಗಿ ಬಂದದ್ದು ನನಗೇ ಗೊತ್ತಿರಲಿಲ್ಲ. ಅಂಗಳದವರೂ ತಿರುಗಿ ನೋಡಿದರು.

ಚಿಕ್ಕರಂಗಯ್ಯನವರು ಹೊರಗೆ ಹೋಗಿ, ಇವತ್ತು ಮೊಟ್ಟೆ ಇಲ್ಲ, ನಾಳೆ ಬನ್ನಿ ಎಂದರು. ಗದ್ದಲವಾಯಿತು. ‘ಬೆಳಗ್ಗಿಂದ ಕಾಯ್ಸಿ ಈಗ ನಾಳೆ ಬಾ ಅಂತೀರಲ್ಲ ಸ್ವಾಮಿ!’ ‘ಯಾರಿಗ್ರೀ ಅನುಮಾನ? ಆ ಯಮ್ಮಂಗಾ? ಸೊಪ್ಪು ಬಲೀತದೆ ಅಂತ ಅವ್ರಿಗೇನ್ ಗೊತ್ತು!’ ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು. ರತ್ನಮ್ಮ ಉಳಿದ ಚಿಟ್ಟೆಗಳನ್ನು ತಂದು ಅರೆಯತೊಡಗಿದಳು. ಸಂಜೆ ಬೆಳಕು ಹೋಗುವವರೆಗೆ, ಮತ್ತೆ ಬೆಳಗ್ಗೆ, ಹನಿ ಹನಿಯಾಗಿ ನೋಡಿದೆ. ಏನೂ ಇರಲಿಲ್ಲ. ಅದು ಬರೀ ಕೊಬ್ಬಿನ ಗುಳ್ಳೆ. ನಾನು ಎಲ್ಲರನ್ನೂ ಒಂದು ದಿನ ಸುಮ್ಮನೆ ಅಲೆಸಿದ್ದೆ.

ಹೋಗಿ ಚಿಕ್ಕರಂಗಯ್ಯನವರಿಗೆ ಹಾಗೆಂದೇ ಹೇಳಿದೆ. ‘ಸರಿ, ಕೊಟ್ಟು ಕಳಿಸು’ ಎಂದು ಅವರು ಸಹಿ ಹಾಕಿದರು.

ಕೋಠಿ ಮುಚ್ಚುವವರೆಗೂ ಆ ಕುರ್ಚಿ ನನ್ನದೇ ಆಗಿತ್ತು. ಅದರಿಂದ ಹಾಗೆ ಅನುಮಾನ ಬಂದು ಎಷ್ಟು ಸಲ ಎದ್ದೆನೋ ಲೆಕ್ಕವಿಟ್ಟಿಲ್ಲ. ಸರಿಯಾದದ್ದಕ್ಕಿಂತ ತಪ್ಪಾದದ್ದೇ ಹೆಚ್ಚು. ರೈತರು ಬೈದರು, ಜೊತೆಯವರು ನಕ್ಕರು. ಚಿಕ್ಕರಂಗಯ್ಯನವರು ಒಂದು ಸಲವೂ ಯಾಕೆ ಎದ್ದೆ ಎಂದು ಕೇಳಲಿಲ್ಲ.